ಅತ್ತಿಮರದ ಕೆಳಗೆ ಹುಟ್ಟಿದ ಹನ್ನೊಂದು ಮಕ್ಕಳು

ನಾನು ಅವನನ್ನು ಮೊದಲ ಸಲ ನೋಡಿದಾಗ ಕಸ ಗುಡಿಸುವವನೆಂದುಕೊಂಡು ಬೈದಿದ್ದೆ. ಬೈದು ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೂನ್ ಅಂದರೆ ನಮ್ಮಲ್ಲಿ ಚಳಿಗಾಲ. ಬೆಟ್ಟದ ಮಂಜು ಕಾಲಿಂಬೆಯ ಸರ್ಕಾರಿ ಆರೋಗ್ಯ ಕೇಂದ್ರದ ಬಾಗಿಲವರೆಗೂ ಬಂದಿತ್ತು. ನಾನು ನೋವು ತಿನ್ನುತ್ತಿದ್ದ ಒಬ್ಬ ಬಸುರಿಯನ್ನು ತೋಳು ಹಿಡಿದು ಕರೆತಂದಿದ್ದೆ. ಅಂಗಳದಲ್ಲಿ ರಬ್ಬರ್ ಬೂಟು ಹಾಕಿಕೊಂಡ ಉದ್ದನೆಯ ಗಂಡಸೊಬ್ಬ ಪೊರಕೆಯಿಂದ ನೀರು ತಳ್ಳುತ್ತಿದ್ದ.

“ಏನಪ್ಪಾ, ನೋಡ್ತಾ ನಿಂತ್ಯಲ್ಲ! ಹೋಗಿ ನರ್ಸಮ್ಮನ್ನ ಕರಿ.”

“ನರ್ಸಮ್ಮ ಇಲ್ವಲ್ಲ.”

“ಇಲ್ಲ ಅಂದ್ರೆ? ಹೊಸಬ್ರು ಬಂದಿದ್ದಾರಂತಲ್ಲ. ಮಲಗಿದ್ರೆ ಎಬ್ಬಿಸು. ಸರ್ಕಾರದ ಸಂಬಳ ತಗೊಳ್ಳೋರಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗ್ಬೇಕು!”

ಅವನು ಪೊರಕೆಯನ್ನು ಗೋಡೆಗೊರಗಿಸಿ ಒಳಗೆ ಹೋದ. ಕೈ ತೊಳೆದ ಸದ್ದು ಕೇಳಿಸಿತು. ಆಮೇಲೆ ಬಿಳಿ ಕೋಟು ತೊಟ್ಟುಕೊಂಡು ಅದೇ ಮನುಷ್ಯ ಹೊರಗೆ ಬಂದು, ತಲೆ ತುಸು ಬಾಗಿಸಿ, “ಕರೆಸಿದ್ರಂತೆ?” ಅಂದ.

ನನ್ನ ಜೊತೆಗಿದ್ದವಳು ಆ ನೋವಿನಲ್ಲೂ ನಕ್ಕುಬಿಟ್ಟಳು. ಅವನು ನಗಲಿಲ್ಲ. ಬಲಗಣ್ಣಿನ ಹುಬ್ಬು ಮಾತ್ರ ಒಂಚೂರು ಮೇಲೆ ಹೋಯಿತು. ಆ ಹುಬ್ಬೇ ನನ್ನ ತಲೆ ಕೆಡಿಸಿದ್ದು.

ಹೆಸರು ದುಮಿಸಾನಿ. ಉತ್ತರದ ಮ್ಜಿಂಬಾ ಕಡೆಯವನು, ಹೆರಿಗೆ ಮಾಡಿಸುವ ಕೆಲಸ ಕಲಿತ ಗಂಡಸು. ಸರ್ಕಾರ ಕಾಲಿಂಬೆಗೆ ಕೊಡುವುದೇ ಒಬ್ಬರನ್ನು, ಆ ಸಲ ಕೊಟ್ಟದ್ದು ಇವನನ್ನು. ಸುದ್ದಿ ಕೇಳಿ ಊರ ಹೆಂಗಸರೆಲ್ಲ ಮೈಗೆ ಸುತ್ತಿದ ಚಿತೆಂಜೆ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡರು.

ನಾನು ತಿಸುಂಗೆ. ನಮ್ಮೂರಲ್ಲಿ ಗುಟ್ಟಿನ ತಾಯಂದಿರು ಎಂಬ ಹೆಂಗಸರ ಗುಂಪಿದೆ, ನಾನು ಅದರಲ್ಲಿ ಒಬ್ಬಳು. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಬಸುರಾದ ಹೆಣ್ಣು ಮೊದಲ ತಿಂಗಳುಗಳಲ್ಲಿ ಬಾಯಿ ಬಿಡುವುದಿಲ್ಲ. ಯಾರ ಕಣ್ಣು ಹೇಗೋ, ಯಾರು ಮಾಟ ಮಾಡಿಸುತ್ತಾರೋ ಎಂಬ ಭಯ. ಗಂಡನಿಗೂ ಹೇಳದವರಿದ್ದಾರೆ. ಆದರೆ ಒಬ್ಬ ಗುಟ್ಟಿನ ತಾಯಿಗೆ ಹೇಳುತ್ತಾರೆ. ನಾವು ಅವಳನ್ನು ಸಂತೆಗೋ ಸೌದೆಗೋ ಹೋದ ಹಾಗೆ ಮಾಡಿ ಆರೋಗ್ಯ ಕೇಂದ್ರ ಮುಟ್ಟಿಸುತ್ತೇವೆ. ಹೆರಿಗೆಯಾಗುವ ತನಕ ಅವಳು ನಮ್ಮ ಹೊಣೆ.

ನಮ್ಮ ಹಿರಿಯಳು ನಾಫಿರಿ ಅಜ್ಜಿ. ಗುಂಪಿನಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ ಆದ್ದರಿಂದ ಹೆರಿಗೆ ಪುಸ್ತಕ ನನ್ನ ಕೈಲಿತ್ತು. ಆ ಪುಸ್ತಕ ಸರ್ಕಾರಕ್ಕೆ. ನಮಗೆ ಒಂದು ಸೋರೆ ಬುರುಡೆ ಸಾಕು. ಬಸುರಾದವಳು ತಾನೇ ಒಂದು ಬೀನ್ಸ್ ಕಾಳು ಆರಿಸಿ ತಂದು ಬುರುಡೆಗೆ ಹಾಕುತ್ತಾಳೆ. ಚುಕ್ಕೆಯದು, ಪಟ್ಟೆಯದು, ಅಚ್ಚ ಕೆಂಪಿನದು. ಯಾವ ಕಾಳು ಯಾರದೆಂದು ಹಾಕಿದವಳಿಗೆ ಮತ್ತು ನನಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗಬಾರದು.

ಬೇರೆ ದಾರಿಯಿಲ್ಲದ ಆ ಮೊದಲ ದಿನದವಳನ್ನು ಬಿಟ್ಟರೆ ಗಂಡಸಿನ ಕೈಲಿ ಹೆರಿಗೆ ಮಾಡಿಸಿಕೊಳ್ಳಲು ಯಾವ ಹೆಣ್ಣೂ ಒಪ್ಪಲಿಲ್ಲ. ನಾನೇ ಅವನಿಗೆ ಪಾಠ ಹೇಳಬೇಕಾಯಿತು.

“ಒಳಗೆ ಬರೋ ಮುಂಚೆ ಕೆಮ್ಮಿ ಡಾಕ್ಟ್ರೇ. ಮಾತಾಡುವಾಗ ಗೋಡೆ ನೋಡಿ. ತಲೆ ಹತ್ರ ನಾಫಿರಿ ಅಜ್ಜಿ ಕೂತಿರ್ತಾಳೆ, ಏನ್ ಹೇಳೋದಿದ್ರೂ ಅವಳಿಗೆ ಹೇಳಿ, ಅವಳು ಆ ಹುಡುಗಿಗೆ ಹೇಳ್ತಾಳೆ.”

“ನಾನು ಡಾಕ್ಟ್ರಲ್ಲ, ನರ್ಸು.”

“ಪೊರಕೆ ಹಿಡಿದಿದ್ದಾಗ ಅದೂ ಆಗಿರ್ಲಿಲ್ಲ.”

“ಗೋಡೆ ನೋಡೋ ನಿಯಮ ನಿಮ್ಮ ಹತ್ರ ಮಾತಾಡುವಾಗ್ಲೂ ಉಂಟಾ?” ಅಂದ. ನಾನು ಪುಸ್ತಕ ಮುಚ್ಚಿಕೊಂಡು ಎದ್ದುಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ, ಎದುರಿಗೆ ಬಂದ ಆಲೂಗಡ್ಡೆ ಮಾರುವವಳು ನನ್ನನ್ನೊಮ್ಮೆ ತಿರುಗಿ ನೋಡಿದಳು.

ಮೆಲ್ಲಗೆ ಹೆಂಗಸರು ಬರತೊಡಗಿದರು. ದಿನ ತುಂಬಿದವರು ಮೊದಲೇ ಬಂದು ತಂಗಲು ಕೇಂದ್ರದ ಪಕ್ಕ ಒಂದು ಮನೆ ಬೇಕೆಂದಾಯಿತು. ತಗಡು ಸರ್ಕಾರದ್ದು, ಇಟ್ಟಿಗೆ ನಮ್ಮದು. ಶನಿವಾರ ಶನಿವಾರ ನಾವು ಹದಿನಾಲ್ಕು ಹೆಂಗಸರು ಮಣ್ಣು ತುಳಿದೆವು. ಅವನೂ ಪ್ಯಾಂಟು ಮಡಚಿ ಇಳಿದ. ಅಚ್ಚಿನಿಂದ ಅವನು ತೆಗೆದ ಮೊದಲ ಇಟ್ಟಿಗೆ ಸೊಟ್ಟಗಿತ್ತು. ಅದನ್ನು ನೋಡಿ ನಾಫಿರಿ ಅಜ್ಜಿ, “ಇವನು ಮಕ್ಕಳನ್ನ ನೆಟ್ಟಗೆ ಇಳಿಸ್ತಾನಲ್ಲ, ಅದೇ ಪುಣ್ಯ,” ಅಂದಳು. ಅವನ ಮೊಣಕೈಗೆ ಹತ್ತಿದ ಕೆಸರನ್ನು ನಾನು ನೋಡುತ್ತಿದ್ದೆ, ಅವನು ನಾನು ನೋಡುವುದನ್ನು ನೋಡುತ್ತಿದ್ದ.

ತಿಂಗಳಿಗೊಮ್ಮೆ ಕೇಂದ್ರದವರೂ ನಾವೂ ಸಭೆ ಸೇರುತ್ತಿದ್ದೆವು. ನಾನು ವರದಿ ಓದುವಾಗ ಅವನು ಪೆನ್ನು ತಿರುಗಿಸುತ್ತಾ ಕೂರುತ್ತಿದ್ದ. ಸಭೆ ಮುಗಿದ ಮೇಲೆ ಬುರುಡೆಗೆ ಬೆರಳು ಹಾಕಿ ಒಂದು ಕಾಳು ತೆಗೆಯುತ್ತಿದ್ದ.

“ಇದು ಯಾರು?”

“ಕಾಳು.”

“ಯಾರ ಕಾಳು?”

“ಗಿಡದ್ದು.”

“ಎಷ್ಟು ಗಟ್ಟಿ ಹೆಂಗಸು ಮಾರಾಯ್ತಿ! ನಂಗೂ ಹೇಳಲ್ವಾ?”

“ನಿಮಗೆ ಹೇಳಿದ್ರೆ ಗುಟ್ಟಿನ ತಾಯಿ ಆಗಲ್ಲ, ಬರೀ ತಿಸುಂಗೆ ಆಗ್ತೀನಿ.”

“ನಂಗೆ ಬರೀ ತಿಸುಂಗೆ ಸಾಕು,” ಅಂದ. ಕಾಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದ. ಐದು ಬೆರಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಇನ್ನು ಆ ಅತ್ತಿಮರದ ವಿಷಯ ಹೇಳಬೇಕು. ನಮ್ಮೂರಿಗೂ ಕೇಂದ್ರಕ್ಕೂ ನಡುದಾರಿಯಲ್ಲಿ ಹಳೆಯದೊಂದು ಅತ್ತಿಮರವಿದೆ. ಮನೆಯಲ್ಲಿ ಹೆರಿಗೆಯಾಗಿ ಹೆಂಗಸರು ಸಾಯುತ್ತಿದ್ದ ಕಾಲದಲ್ಲಿ ಊರ ದೊರೆಯಮ್ಮ, ಕೇಂದ್ರದವರು, ನಾವು ಎಲ್ಲ ಕೂತು ಒಂದು ಕಟ್ಟಳೆ ಮಾಡಿದ್ದೆವು: ಮನೆಯಲ್ಲಿ ಹೆತ್ತವಳು ದೊರೆಯಮ್ಮನಿಗೆ ಒಂದು ಕೋಳಿ ದಂಡ ಕೊಡಬೇಕು. ಕೇಂದ್ರಕ್ಕೆ ಹೊರಟು ದಾರಿಯಲ್ಲಿ ಹೆತ್ತರೆ ದಂಡವಿಲ್ಲ, ಪಾಪ, ಹೊರಟಿದ್ದಳಲ್ಲ. ಕಟ್ಟಳೆ ಒಳ್ಳೆಯದೇ. ಆದರೆ ಮೊಟ್ಟೆಯಿಡುವ ಒಂದೇ ಕೋಳಿಯಿರುವ ಮನೆಯ ಹುಡುಗಿ ನಾಚಿಕೆಗೋ ಭಯಕ್ಕೋ ಮನೆಯಲ್ಲೇ ಹೆತ್ತು ನನ್ನ ಕೈ ಹಿಡಿದು ಅತ್ತಾಗ ನಾನು ಪುಸ್ತಕದಲ್ಲಿ ಏನು ಬರೆಯಲಿ? ‘ದಾರಿಯಲ್ಲಿ, ಅತ್ತಿಮರದ ಕೆಳಗೆ’ ಎಂದು ಬರೆದೆ. ಎರಡು ವರ್ಷದಲ್ಲಿ ಹಾಗೆ ಹತ್ತು ಮಕ್ಕಳು ಆ ಮರದ ಕೆಳಗೆ ಹುಟ್ಟಿದವು. ಮರಕ್ಕೇನೂ ಗೊತ್ತಿಲ್ಲ.

ಹನ್ನೊಂದನೆಯದು ಮಾತ್ರ ನಿಜ.

ಅದು ಎನಿಫಾಳ ಮಗು. ಎನಿಫಾ ನನ್ನ ಜೊತೆ ಶಾಲೆಗೆ ಹೋದವಳು. ಮೊದಲ ಮಗು ಹುಟ್ಟುತ್ತಲೇ ಸತ್ತಿತ್ತು. ಈ ಸಲ ಕೇಂದ್ರದಲ್ಲೇ ಹೆರುತ್ತೇನೆಂದು ಹಟ ಹಿಡಿದಿದ್ದಳು. ಏಪ್ರಿಲ್‌ನ ಒಂದು ಮಂಗಳವಾರ ಮಧ್ಯಾಹ್ನ, ದಿನಕ್ಕೆ ಮೊದಲೇ ನೋವು ಬಂತು. ನಾನೂ ಅವಳೂ ಹೆಜ್ಜೆಗೊಮ್ಮೆ ನಿಲ್ಲುತ್ತಾ ನಡೆದು ಕೇಂದ್ರ ಮುಟ್ಟಿದರೆ ಬಾಗಿಲಿಗೆ ಬೀಗ. ಕೂಗಿದೆ, ಬಡಿದೆ. ಯಾರೂ ಇಲ್ಲ. ಎನಿಫಾ ಆ ಬೀಗವನ್ನು ಕೈಯಲ್ಲಿ ಹಿಡಿದು ಜಗ್ಗಿದಳು. ವಾಪಸು ಹೊರಟೆವು. ಅತ್ತಿಮರದ ಹತ್ತಿರ ಬಂದಾಗ ಅವಳಿಗೆ ಕಾಲು ಎತ್ತಿಡಲು ಆಗಲಿಲ್ಲ. ನನ್ನ ಚಿತೆಂಜೆ ಹಾಸಿ ಮಲಗಿಸಿದೆ. ನನ್ನ ಕೈಗಳಿಗೇ ಮಗು ಬಂತು. ನೀಲಿಯಾಗಿತ್ತು, ಬೆನ್ನು ಉಜ್ಜಿದೆ, ಬಾಯಿಗೆ ಉಸಿರು ಊದಿದೆ, ಕೊನೆಗೆ ಅತ್ತಿತು. ಆಮೇಲೆ ನಾನೂ ಅತ್ತೆ.

ಮಾರನೆಯ ದಿನ ಅದೇ ಮರದ ಕೆಳಗೆ ದುಮಿಸಾನಿ ಸೈಕಲ್ ನಿಲ್ಲಿಸಿ ಕೂತಿದ್ದ. ಮುಖ ಬಾಡಿತ್ತು.

“ರಾಜಧಾನಿಗೆ, ಲಿಲಾಂಗ್ವೆಗೆ ಹೋಗಿದ್ದೆ ತಿಸು. ಮುಂದಿನ ಓದಿಗೆ ಆಯ್ಕೆ ಮಾಡ್ತಾರಲ್ಲ, ಅದರ ಸಂದರ್ಶನ. ರಜ ಕೇಳಿದ್ರೆ ಕೊಡಲ್ಲ ಅಂತ ಹೇಳದೆ ಹೋದೆ. ಅರ್ಧ ದಿನ ತಾನೇ ಅಂದ್ಕೊಂಡೆ. ಆ ಮಗು ಸತ್ತಿದ್ರೆ...” ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಕೆಲಸ ಹೋಗುತ್ತೆ.”

“ಹೇಳಲ್ಲ.”

“ಎನಿಫಾ?”

“ಅವಳಿಗೆ ನಾನು ಹೇಳ್ತೀನಿ. ನನಗೋಸ್ಕರ ಸುಮ್ನಿರ್ತಾಳೆ.”

ಅವನ ಅಳು ನಿಲ್ಲಲಿಲ್ಲ. ಅವನನ್ನು ಹೇಗಾದರೂ ನಗಿಸಬೇಕಿತ್ತು ನನಗೆ. “ಒಂದು ಗುಟ್ಟು ಹೇಳ್ಲಾ? ಈ ಮರದ ಕೆಳಗೆ ನಿಜವಾಗ್ಲೂ ಹುಟ್ಟಿದ ಮೊದಲನೇ ಮಗು ಇದು,” ಅಂದೆ. ಹತ್ತೂ ಹೆರಿಗೆಗಳನ್ನು, ಹೆಸರು ಹೆಸರಾಗಿ, ಯಾರ ಕೋಳಿ ಉಳಿಸಲು ಏನು ಬರೆದೆನೆಂದು ಹೇಳಿದೆ. ಅವನು ಕೆಂಪು ಕಣ್ಣಲ್ಲೇ ನಕ್ಕ. “ಕಳ್ಳಿ!” ಅಂದು ನನ್ನ ಕಿವಿ ಹಿಂಡಿದ. ಎರಡು ವರ್ಷ ಬುರುಡೆಯಲ್ಲಿ ಕಾದಿಟ್ಟದ್ದನ್ನು ನಾನು ಆ ಒಂದು ನಗುವಿಗೆ ಸುರಿದುಬಿಟ್ಟೆ. ಹಾಗೆ ಸುರಿದದ್ದಕ್ಕೆ ಆಗ ಖುಷಿಯೇ ಆಗಿತ್ತು.

ಅವತ್ತೇ ಅವನು ಮದುವೆಯ ಮಾತೆತ್ತಿದ.

“ನಮ್ಮ ಕಡೆ ಹೆಣ್ಣಿಗೆ ದನ ಕೊಡ್ತಾರೆ. ನಿಮ್ಮ ಕಡೆ ಏನು?”

“ಚಿಂಕೋಸ್ವೆ ಅಂತ ಮದುವೆ ನಿಶ್ಚಯದ ಶಾಸ್ತ್ರ ಉಂಟು. ಆ ದಿನ ನಿಮ್ಮೋರು ಒಂದು ಹುಂಜ ತರ್ಬೇಕು, ನಮ್ಮೋರು ಒಂದು ಹೇಂಟೆ ಕೊಡ್ತಾರೆ. ಎರಡೂ ಕಡೆ ಹಿರಿಯರು ಕೋಳಿ ಅದಲುಬದಲು ಮಾಡ್ಕೋತಾರೆ. ಅಲ್ಲಿಗೆ ಆಯ್ತು.”

“ಬರೀ ಒಂದು ಹುಂಜಕ್ಕೆ ನಿನ್ನ ಕೊಟ್ಬಿಡ್ತಾರಾ?”

“ನನ್ನ ಎಲ್ಲಿ ಕೊಡ್ತಾರೆ? ನಮ್ಮಲ್ಲಿ ಗಂಡೇ ಹೆಣ್ಣಿನ ಮನೆಗೆ ಬರ್ಬೇಕು. ಹುಂಜದ ಜೊತೆ ನೀನೂ ಬರ್ತೀಯ.”

ಹುಬ್ಬು ಮೇಲೆ ಹೋಯಿತು. “ಹುಂಜಕ್ಕೆ ಒಪ್ಗೆ ಇದ್ರೆ ನಂದೇನೂ ತಕರಾರಿಲ್ಲ.”

ನನ್ನ ಸೋದರಮಾವ ಅಂದಿನಿಂದಲೇ ಒಂದು ಬಿಳಿ ಹೇಂಟೆಯನ್ನು ಬೇರೆ ಗೂಡಿನಲ್ಲಿಟ್ಟು ಜೋಳದ ಕಾಳು ಹಾಕಿ ಸಾಕತೊಡಗಿದ. ಜೂನ್ ಕೊನೆಯ ಶನಿವಾರಕ್ಕೆ ಚಿಂಕೋಸ್ವೆ ನಿಗದಿಯಾಯಿತು.

ಆ ವಾರದ ಬುಧವಾರ ಜಿಲ್ಲೆಯ ಅಧಿಕಾರಿಣಿ ನಮ್ಮ ಸಭೆಗೆ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ತಂಗುವ ಮನೆಯ ಮುಂದೆ ಚಾಪೆ ಹಾಸಿ ಎಲ್ಲರೂ ಕೂತಿದ್ದೆವು. ದೊರೆಯಮ್ಮ ಕುರ್ಚಿಯ ಮೇಲೆ ನಶ್ಯ ಏರಿಸುತ್ತಿದ್ದಳು. ಎನಿಫಾ ಮಗುವಿಗೆ ಹಾಲು ಕುಡಿಸುತ್ತಾ ಹಿಂದೆ ಇದ್ದಳು.

ಅಧಿಕಾರಿಣಿ ಪುಸ್ತಕ ತಿರುವಿ ನೋಡಿ, “ಎರಡು ವರ್ಷದಲ್ಲಿ ಒಂದೇ ಮರದ ಕೆಳಗೆ ಹನ್ನೊಂದು ಮಕ್ಕಳು,” ಅಂದರು. “ಮರದಲ್ಲೇನೋ ವಿಶೇಷ ಇರ್ಬೇಕು, ಇಲ್ಲ ಕೇಂದ್ರದಲ್ಲಿ ದೋಷ ಇರ್ಬೇಕು. ಯಾವುದು ಹೇಳಿ ದುಮಿಸಾನಿ? ಹೆಂಗಸರು ಇಲ್ಲಿಗೆ ಬಂದು ಯಾಕೆ ತಲುಪ್ತಿಲ್ಲ?” ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. “ಏಪ್ರಿಲ್, ಮಂಗಳವಾರ, ಮಧ್ಯಾಹ್ನ. ಹಗಲು ಹೊತ್ತು. ನೀವೆಲ್ಲಿದ್ರಿ?”

ಅವನು ಪೆನ್ನು ತಿರುಗಿಸುವುದನ್ನು ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ.

“ಇಲ್ಲೇ ಇದ್ದೆ ಮೇಡಮ್. ಆ ಮಕ್ಕಳು ಯಾರೂ ದಾರೀಲಿ ಹುಟ್ಟಿದವರಲ್ಲ. ಹನ್ನೊಂದೂ ಮನೇಲೇ ಆದ ಹೆರಿಗೆ. ದಂಡ ತಪ್ಪಿಸೋಕೆ ಗುಟ್ಟಿನ ತಾಯಂದಿರು ಹಾಗೆ ಬರ್ಕೊಂಡಿದ್ದಾರೆ. ನನಗೆ ಈಚೆಗೆ ಗೊತ್ತಾಯ್ತು.”

ಹನ್ನೊಂದೂ, ಅಂದ. ಹತ್ತು ಅನ್ನಲಿಲ್ಲ.

ನಾಫಿರಿ ಅಜ್ಜಿ ನನ್ನತ್ತ ತಿರುಗಿದಳು. ಹತ್ತು ಮನೆಯ ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಎನಿಫಾ ಮಾತ್ರ ತಲೆ ತಗ್ಗಿಸಲಿಲ್ಲ. ಮಗುವನ್ನು ಎದೆಯಿಂದ ಬಿಡಿಸಿ ನೇರ ನನ್ನ ಮುಖ ನೋಡಿದಳು. ‘ಹೇಳೇ,’ ಎಂಬಂತಿತ್ತು ಆ ನೋಟ.

“ನಿಜವೇನಮ್ಮ?” ಅಧಿಕಾರಿಣಿ ನನ್ನನ್ನು ಕೇಳಿದರು.

ಬೀಗದ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಸಾಕಿತ್ತು. ಅವನು ಈಗಲಾದರೂ ತಾನೇ ಹೇಳುತ್ತಾನೆಂದು ಕಾದೆ. ಅವನು ತನ್ನ ಬೂಟಿನ ಮೊನೆ ನೋಡುತ್ತಿದ್ದ.

“ಬರೆದೋಳು ನಾನು,” ಅಂದೆ. “ತಪ್ಪು ನಂದು.”

ಅಷ್ಟೇ ಅಂದೆ. ಅವನು ನನ್ನನ್ನು ಮಾರಿದ, ನಾನು ಅಲ್ಲೇ ಕೂತು ಎನಿಫಾಳನ್ನು ಮಾರಿದೆ. ದೊರೆಯಮ್ಮ ನಶ್ಯದ ಡಬ್ಬಿ ಮುಚ್ಚಿ, ಶನಿವಾರದೊಳಗೆ ಹನ್ನೊಂದು ಮನೆಯವರೂ ಒಂದೊಂದು ಕೋಳಿ ತರಬೇಕು ಎಂದಳು.

ಗುರುವಾರ ಬೆಳಿಗ್ಗೆ ಒಬ್ಬ ಹುಡುಗಿ ನನ್ನ ಮನೆಗೆ ಬಂದಳು. ಬಸುರಾಗಿ ಮೂರು ತಿಂಗಳಾಗಿದ್ದು ನನಗೊಬ್ಬಳಿಗೇ ಗೊತ್ತಿತ್ತು.

“ಅಕ್ಕಾ, ಬುರುಡೆ ಕೊಡು. ನನ್ನ ಕಾಳು ತಗೊಂಡ್ ಹೋಗ್ತೀನಿ.”

“ಯಾಕೆ?”

“ನೀನು ಅವನಿಗೆ ಹೇಳಿದ್ಯಂತಲ್ಲ. ಇನ್ನು ನಂದೂ ಹೇಳ್ತೀಯ.”

ಅವಳು ಚುಕ್ಕೆಯ ಕಾಳನ್ನು ಹುಡುಕಿ ತೆಗೆದುಕೊಂಡು ಹೋದಳು. ಮಧ್ಯಾಹ್ನದೊಳಗೆ ಇನ್ನೂ ನಾಲ್ವರು ಬಂದರು. ಏಳು ಕಾಳಿದ್ದ ಬುರುಡೆಯಲ್ಲಿ ಎರಡು ಉಳಿದವು, ಅಲ್ಲಾಡಿಸಿದರೆ ಬರುವ ಆ ಸದ್ದನ್ನು ಕೇಳಿ ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಈ ಐವರೂ ಇನ್ನು ಕೇಂದ್ರಕ್ಕೆ ಹೋಗುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನೋವು ಬಂದರೆ ಬಾಗಿಲು ಹಾಕಿಕೊಂಡು ಒಬ್ಬರೇ ಹೆರುತ್ತಾರೆ. ಅವರಲ್ಲೊಬ್ಬಳು ಸತ್ತರೆ ಅದು ನನ್ನ ಬಾಯಿಂದಲೇ.

ಸಂಜೆ ಬೆಳಕಿರುವಾಗಲೇ ಅವನು ಬಂದ. ನಾನು ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದೆ.

“ಸಿಟ್ಟಾ?”

ನಾನು ಮಣ್ಣು ಕೊಡವಿದೆ.

“ಬಾಯಿಗೆ ಬಂದದ್ದು ಹೇಳ್ಬಿಟ್ಟೆ ತಿಸು. ಆಯ್ಕೆ ಪಟ್ಟಿ ಮುಂದಿನ ವಾರ ಬರುತ್ತೆ. ಅದ್ರಲ್ಲಿ ನನ್ನ ಹೆಸರಿದ್ರೆ ನಮ್ಮಿಬ್ರ ಬದುಕೂ ಬದಲಾಗುತ್ತೆ. ನಿನಗೋಸ್ಕರಾನೂ ತಾನೇ!”

“ನನಗೋಸ್ಕರ ಹತ್ತು ಅಂತ ಹೇಳ್ಬಹುದಿತ್ತಲ್ಲ. ಹನ್ನೊಂದು ಯಾಕಂದೆ?”

ಅವನು ನನ್ನ ಕೈ ಹಿಡಿಯಲು ಬಂದು, ಮಣ್ಣು ನೋಡಿ, ಮಣಿಕಟ್ಟು ಹಿಡಿದ. “ಒಂದು ಕೋಳಿ ತಾನೇ? ಎನಿಫಾದು ನಾನೇ ಕೊಡ್ತೀನಿ. ಯಾರಿಗೂ ಗೊತ್ತಾಗದ ಹಾಗೆ.”

ನನಗೆ ಅವನ ಮೇಲೆ ಅಷ್ಟು ಹೊತ್ತೂ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಸಿಟ್ಟೂ ಹೋಗಿ ಚಳಿ ಮಾತ್ರ ಉಳಿಯಿತು.

“ಅವಳು ನಿನ್ನ ಬಾಗಿಲ ತನಕ ನಡ್ಕೊಂಡು ಬಂದಿದ್ಲು ದುಮಿ. ನೋವು ತಿನ್ಕೊಂಡು. ಬೀಗ ಹಿಡ್ಕೊಂಡು ಜಗ್ಗಿದ್ಲು. ಅವಳನ್ನ ಸುಳ್ಳುಗಾತಿ ಮಾಡಿದ್ಯಲ್ಲ, ಅದಕ್ಕೆ ಎಷ್ಟು ಕೋಳಿ?”

“ಹಾಗಾದ್ರೆ ನೀನ್ಯಾಕೆ ಹೇಳ್ಲಿಲ್ಲ?”

“ಮಾತು ಕೊಟ್ಟಿದ್ದೆ. ಮಾತು ಅಂದ್ರೆ ನನಗೆ ಹಾಗೆ.” ಇನ್ನರ್ಧವನ್ನೂ ಹೇಳಿದೆ. “ನೀನು ಬೇಕಿದ್ದೆ, ಅದಕ್ಕೇ.”

‘ಬೇಕಿದ್ದೆ’ ಅಂದದ್ದನ್ನು ಅವನು ಗಮನಿಸಿದನೋ ಇಲ್ಲವೋ. ಸೈಕಲ್ ತಳ್ಳಿಕೊಂಡು ಹೋದ.

ಶನಿವಾರ ಅವನ ಅಣ್ಣ, ಚಿಕ್ಕಪ್ಪ ಮ್ಜಿಂಬಾದಿಂದ ಬಂದರು. ಕೋಟು ಹಾಕಿಕೊಂಡು, ಬಿದಿರಿನ ಪಂಜರದಲ್ಲಿ ಕೆಂಪು ಹುಂಜ ಹಿಡಿದು, ನಮ್ಮ ಅಂಗಳದಲ್ಲಿ ಕೂತರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಕುಡಿಯಲು ಜೋಳದ ತೋಬ್ವ ಮಾಡಿದ್ದಳು. ಸೋದರಮಾವ ಬಿಳಿ ಹೇಂಟೆಯ ಕಾಲಿಗೆ ಹೊಸ ದಾರ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ. ದುಮಿಸಾನಿ ಬಿಳಿ ಅಂಗಿ ತೊಟ್ಟಿದ್ದ. ಎಷ್ಟು ಚೆಂದ ಕಾಣುತ್ತಿದ್ದನೆಂದರೆ ನನಗೆ ನನ್ನ ಮೇಲೇ ಕೋಪ ಬಂತು.

ಹಾಡುವುದಕ್ಕೆ ಬರಬೇಕಾದ ಊರ ಹೆಂಗಸರು ಯಾರೂ ಬರಲಿಲ್ಲ. ನಾಫಿರಿ ಅಜ್ಜಿಯೊಬ್ಬಳೇ ಬಂದು ಮೂಲೆಯಲ್ಲಿ ಕೂತಳು. ಬೇಲಿಯಾಚೆ ದಾರಿಯಲ್ಲಿ ಒಬ್ಬೊಬ್ಬರಾಗಿ ಕೋಳಿ ಕಂಕುಳಲ್ಲಿಟ್ಟುಕೊಂಡು ದೊರೆಯಮ್ಮನ ಅಂಗಳದತ್ತ ಹೋಗುತ್ತಿದ್ದರು. ಎನಿಫಾ ಬೆನ್ನಿಗೆ ಮಗು ಕಟ್ಟಿಕೊಂಡು, ಕಂಕುಳಲ್ಲಿ ಕೋಳಿ ಹಿಡಿದು ಹೋದಳು. ಅವಳು ನಮ್ಮ ಮನೆ ಕಡೆ ತಿರುಗಲಿಲ್ಲ.

“ಮಾವಾ,” ಅಂದೆ, “ಆ ಹೇಂಟೆ ಇಲ್ಲಿ ಕೊಡು.”

“ಇನ್ನೂ ಮಾತೇ ಶುರುವಾಗಿಲ್ವಲ್ಲೇ. ಹೆಣ್ಣು ಅದನ್ನ ಮುಟ್ಟೋ ಹಾಗಿಲ್ಲ.”

“ಗೊತ್ತು, ಕೊಡು.”

ಅವನ ಮಡಿಲಿನಿಂದ ಎತ್ತಿಕೊಂಡೆ. ಬೆಚ್ಚಗಿತ್ತು. ಬೀಗರ ಮುಂದೆ ಹಾದು, ಬೇಲಿ ದಾಟಿ ಹೊರಟೆ. ಹಿಂದೆ ಅಮ್ಮ ಕೂಗಿದಳು, ಮಾವ ಕೂಗಿದ, ಆಮೇಲೆ ಎಲ್ಲರೂ ಎದ್ದು ಬಂದ ಸದ್ದು ಕೇಳಿಸಿತು.

ದೊರೆಯಮ್ಮ ಅಂಗಳದಲ್ಲಿ ಕೋಳಿ ಎಣಿಸುತ್ತಿದ್ದಳು. “ನಿಂದೇನೇ? ನಿನಗೆ ಮಗು ಎಲ್ಲಿ ಹುಟ್ತು?”

“ಇದು ನನ್ನ ದಂಡ ದೊರೆಯಮ್ಮ. ಗುಟ್ಟಿನ ತಾಯಿಯಾಗಿ ಗುಟ್ಟು ಬಿಟ್ಟುಕೊಟ್ಟೋಳು ನಾನು. ಅದಕ್ಕೆ ಕಟ್ಟಳೇಲಿ ಏನೂ ಬರ್ದಿಲ್ಲ, ಬರ್ಸ್ಕೊಳ್ಳಿ.” ಕೋಳಿಯನ್ನು ಅವಳ ಕಾಲ ಹತ್ತಿರ ಬಿಟ್ಟೆ. ಎನಿಫಾಳ ಕಡೆ ತಿರುಗಿದೆ. “ಇವಳ ಕೋಳಿ ಇವಳಿಗೆ ವಾಪಸ್ ಕೊಡಿ. ಇವಳ ಮಗು ಹುಟ್ಟಿದ್ದು ಅತ್ತಿಮರದ ಕೆಳಗೇನೆ. ಹಿಡ್ಕೊಂಡದ್ದು ನನ್ನ ಈ ಕೈ. ಬುಧವಾರ ಹೇಳ್ಲಿಲ್ಲ, ಹೇಡಿ ನಾನು.”

“ದಾರೀಲಿ ಯಾಕೆ ಹೆತ್ಲು? ಕೇಂದ್ರ ಅಷ್ಟು ದೂರಾನಾ?”

ನಾನು ಬಾಯಿ ಮುಚ್ಚಿದೆ. ಉಳಿದದ್ದು ನನ್ನದಲ್ಲ. ಹಿಂದೆ ನಿಂತವರ ಕಡೆ ತಿರುಗಿ ನೋಡಲಿಲ್ಲ, ಕಾದೆ. ಇಡೀ ಅಂಗಳದಲ್ಲಿ ಕೋಳಿಗಳ ಸದ್ದು ಮಾತ್ರ.

ಆಮೇಲೆ ಬಿದಿರಿನ ಪಂಜರ ನೆಲಕ್ಕಿಟ್ಟ ಸದ್ದಾಯಿತು.

“ಈ ಹುಂಜ ನಂದು,” ದುಮಿಸಾನಿಯ ಧ್ವನಿ ಒಡೆದಿತ್ತು. “ಅವತ್ತು ಕೇಂದ್ರಕ್ಕೆ ಬೀಗ ಹಾಕಿದ್ದೆ. ಹೇಳದೆ ಊರು ಬಿಟ್ಟು ಹೋಗಿದ್ದೆ. ಅವರು ಬಂದು ಬಾಗಿಲು ಬಡಿದು ವಾಪಸ್ ಹೋದ್ರು. ಬುಧವಾರ ನಾನು ಸುಳ್ಳು ಹೇಳ್ದೆ. ಸೋಮವಾರ ಜಿಲ್ಲೆಗೆ ಹೋಗಿ ಅಲ್ಲೂ ಹೇಳ್ತೀನಿ.”

ಅವನ ಚಿಕ್ಕಪ್ಪ ಟೋಪಿ ತೆಗೆದು ನೆಲ ನೋಡಿದ. ದೊರೆಯಮ್ಮ ಬಹಳ ಹೊತ್ತು ಅವನನ್ನೇ ನೋಡಿ, “ಪಂಜರ ಬಿಚ್ಚಿ,” ಅಂದಳು. ಹುಂಜ ಹೊರಗೆ ಬಂದು ರೆಕ್ಕೆ ಒದರಿತು. ಬಿಳಿ ಹೇಂಟೆಯ ಪಕ್ಕ ಹೋಗಿ ನಿಂತು ನೆಲ ಕೆದಕತೊಡಗಿತು.

“ಕೋಳಿಗಳ ಚಿಂಕೋಸ್ವೆ ಆಗಿಹೋಯ್ತಲ್ಲ,” ಅಂದಳು ನಾಫಿರಿ ಅಜ್ಜಿ. ಯಾರೂ ನಗಲಿಲ್ಲ. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡನ್ನೂ ತಡೆಯಲಾಗಲಿಲ್ಲ.

ಎನಿಫಾ ತನ್ನ ಕೋಳಿಯನ್ನು ಎತ್ತಿಕೊಂಡು ನನ್ನ ಮುಂದೆ ನಿಂತಳು. “ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ ನಂಗೆ. ಆದ್ರೆ ಮಂಗಳವಾರ ಮಗೂನ ತೂಕ ಹಾಕಿಸ್ಬೇಕು. ಜೊತೆಗೆ ಬಾ. ಮಾತಾಡ್ಬೇಡ, ಬಾ ಅಷ್ಟೇ.”

ಅವನ ಕೆಲಸ ಪೂರ್ತಿ ಹೋಗಲಿಲ್ಲ. ಓದಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿ, ಸರೋವರದಂಚಿನ ದೂರದ ಒಂದು ಕೇಂದ್ರಕ್ಕೆ ವರ್ಗ ಮಾಡಿದರು. ನಮಗೆ ಇಬ್ಬರು ನರ್ಸಮ್ಮಂದಿರನ್ನು ಕೊಟ್ಟರು, ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು. ಬೀಗದ ಇನ್ನೊಂದು ಕೀಲಿ ನಾಫಿರಿ ಅಜ್ಜಿಯ ಸೊಂಟಕ್ಕೆ ಬಂತು.

ಹೊರಡುವ ದಿನ ಅವನು ದಾರಿಯಂಚಿನಲ್ಲಿ ಮಿನಿಬಸ್ಸಿಗೆ ಕಾಯುತ್ತಿದ್ದ. ಮಾರಾಟಕ್ಕಿಟ್ಟ ಆಲೂಗಡ್ಡೆ ಬಕೆಟ್‌ಗಳ ಸಾಲಿನ ಪಕ್ಕ ಒಂದೇ ಒಂದು ಪೆಟ್ಟಿಗೆ, ಮೇಲೆ ರಬ್ಬರ್ ಬೂಟು. ನಾನು ಒಬ್ಬ ಬಸುರಿಯನ್ನು ಕೇಂದ್ರಕ್ಕೆ ಬಿಟ್ಟು ವಾಪಸು ಬರುತ್ತಿದ್ದೆ. ಬೇಕಂತಲೇ ಆ ದಾರಿ ಹಿಡಿದೆನೆಂದು ಯಾರಾದರೂ ಅಂದರೆ ಜಗಳವಾಡುವುದಿಲ್ಲ.

“ಬುರುಡೇಲಿ ಎಷ್ಟಾಯ್ತು?” ಅಂದ.

“ಮೂರು. ಒಬ್ಬಳು ವಾಪಸ್ ತಂದು ಹಾಕಿದ್ಲು.”

“ಒಳ್ಳೇದಾಯ್ತು.” ಕತ್ತು ಕೆಳಗೆ ಹಾಕಿ ನಿಂತ. “ಅವತ್ತು ಅಂಗಳದಲ್ಲಿ ನೀನು ನನ್ನ ಹೆಸರು ಹೇಳ್ಲಿಲ್ಲ. ಹೇಳಿದ್ರೆ ನಾನು ಮತ್ತೆ ಸುಳ್ಳು ಹೇಳ್ತಿದ್ನೇನೋ.”

“ನಿಮ್ಮ ಗುಟ್ಟು ಹೇಳೋ ಹಕ್ಕು ನನಗಿರ್ಲಿಲ್ಲ ಡಾಕ್ಟ್ರೇ.”

‘ನೀವು’ ಕೇಳಿ ಅವನು ತಲೆ ಎತ್ತಿದ. ಮಿನಿಬಸ್ ತಿರುವಿನಲ್ಲಿ ಕಾಣಿಸಿತು. ಬೂಟನ್ನು ಕೈಗೆ ತೆಗೆದುಕೊಂಡು, ಏನೂ ತಿಳಿಯದವನಂತೆ ತಿರುಗಿಸಿ ನೋಡಿ, ಅವನು ಕೇಳಿದ: “ಒಂದೇ ಒಂದು ಮಾತು ಕೇಳ್ತೀನಿ. ಇನ್ನೂ ನಿನ್ನ ಮನಸ್ಸಲ್ಲಿ... ನಾನು ಇದ್ದೀನಾ?”

ಇದ್ದ. ಮೊದಲ ದಿನದ ಹುಬ್ಬು, ಸ್ನಾನ ಮಾಡಿದರೂ ಹೋಗದ ಮೊಣಕೈ ಕೆಸರು, ಐದು ಬೆರಳು ಮಡಚಲು ತೆಗೆದುಕೊಂಡ ಹೊತ್ತು, ಎಲ್ಲ ಸೇರಿ ಹಾಗೇ ಇದ್ದ. ಇವತ್ತಿಗೂ ಇದ್ದಾನೆ. ಆದರೆ ಒಮ್ಮೆ ಗುಟ್ಟನ್ನು ಅವನ ಕೈಗೆ ಸುರಿದು ನೋಡಿದವಳು ನಾನು.

“ಅದು ಗುಟ್ಟು ಡಾಕ್ಟ್ರೇ,” ಅಂದೆ. “ನಿಮಗೆ ಹೇಳೋ ಹಾಗಿಲ್ಲ.”

ಅವನ ಹುಬ್ಬು ಮೇಲೆ ಹೋಗಲು ನೋಡಿ ಅರ್ಧಕ್ಕೇ ನಿಂತಿತು. ಮಿನಿಬಸ್ಸಿನವನು ಪೆಟ್ಟಿಗೆ ಎತ್ತಿ ಒಳಗೆ ಹಾಕಿದ, ಅವನು ಹತ್ತಿದ. ನಾನು ಊರ ಕಡೆ ನಡೆದೆ. ಅತ್ತಿಮರದ ಹತ್ತಿರ ಎನಿಫಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾಯುತ್ತಿದ್ದಳು. ಇಬ್ಬರೂ ಮನೆ ಕಡೆ ಹೊರಟೆವು.